ಮೊದಲ ಪಾಠ ‘ಜೋಮು’

ಮೊನ್ನೆ ನಮ್ಮ ವಿಭಾಗಕ್ಕೆ ಹೊಸದಾಗಿ ಸೇರಿದ ಲೆಕ್ಚರರ್ ಹುಡುಗಿ ಕ್ಯಾಂಟೀನಿನಲ್ಲಿ ಕೇಳಿದಳು. "ಮೇಡಂ, ಇಷ್ಟು ವರ್ಷದಿಂದ ಫಿಸಿಯೋಥೆರಪಿ ಪಾಠ ಮಾಡ್ತಿದ್ದೀರಲ್ಲ, ಮಕ್ಕಳನ್ನ ಮೊದಲನೇ ದಿನ ವಾರ್ಡಿಗೆ ಕರ್ಕೊಂಡು ಹೋದಾಗ ಏನು ಹೇಳಿಕೊಡ್ತೀರಾ?" ನಾನು "ಜೋಮು" ಅಂದೆ. ಅವಳಿಗೆ ಅರ್ಥವಾಗಲಿಲ್ಲ. ಕಾಫಿ ಆರಿ ತಣ್ಣಗಾಗುವವರೆಗೂ ಅವಳಿಗೆ ವಿವರಿಸಿದೆ. ಮನೆಗೆ ಬಂದಮೇಲೆ, ಇದನ್ನ ಸರಿಯಾಗಿ ಬರೆದಿಡಬೇಕು ಅನ್ನಿಸಿತು.

ನಾನು ಪಾಠ ಮಾಡೋಕೆ ಶುರು ಮಾಡಿದ್ದು 2006ರಲ್ಲಿ, ಇಲ್ಲೇ ಕೋಲಾರದ ಹತ್ತಿರ. ಹುಟ್ಟಿದ್ದು ಮುಳಬಾಗಿಲು ಕಡೆಯ ಹಳ್ಳಿ. ಓದಿದ್ದು ಬೆಂಗಳೂರಿನಲ್ಲಿ. ಫಿಸಿಯೋಥೆರಪಿ ಪದವಿ, ಅಂದರೆ ಬಿಪಿಟಿ, ನಾಲ್ಕು ವರ್ಷ, ಆಮೇಲೆ ಆರು ತಿಂಗಳು ಇಂಟರ್ನ್‌ಶಿಪ್, ಅದಾದ ಮೇಲೆ ಎರಡು ವರ್ಷ ಸ್ನಾತಕೋತ್ತರ ಪದವಿ, ಎಂಪಿಟಿ. ನನ್ನ ಜೊತೆ ಓದಿದವರಲ್ಲಿ ಸುಮಾರು ಜನ ಹೊರದೇಶಕ್ಕೆ ಹೋದರು, ಕೆಲವರು ಕ್ಲಿನಿಕ್ ಹಾಕಿಕೊಂಡರು. ನಾನು ಊರಿಗೆ ವಾಪಸ್ ಬಂದೆ. ಶುರುವಿನಲ್ಲಿ ಸಂಬಳ ತುಂಬಾ ಕಡಿಮೆ ಇತ್ತು. ನೆಂಟರ ಮದುವೆಯಲ್ಲಿ "ಏನಮ್ಮಾ ಕೆಲಸ?" ಅಂತ ಕೇಳಿದವರು, ಹೇಳಿದ ಮೇಲೆ "ಓ, ಮಸಾಜ್ ಮಾಡೋದು ಕಲಿಸ್ತೀಯಾ" ಅನ್ನೋರು. ಆ ಮಾತು ನನಗೆ ಬಹಳ ದಿನ ನೋವು ಕೊಟ್ಟಿತು. ಈಗಲೂ ಯಾರಾದರೂ ನನ್ನ ವಿದ್ಯಾರ್ಥಿಗಳಿಗೆ ಹಾಗಂದರೆ ಸಿಟ್ಟು ಬರುತ್ತದೆ.

ಈ ದಾರಿ ಹಿಡಿಯೋದಕ್ಕೆ ಕಾರಣ ನಮ್ಮ ಚಿಕ್ಕಪ್ಪ. ಅವರಿಗೆ ಚಿಕ್ಕಂದಿನಲ್ಲಿ ಪೋಲಿಯೋ ಆಗಿತ್ತು. ಎಡಗಾಲಿಗೆ ಕಬ್ಬಿಣದ ಸರಳು, ಚರ್ಮದ ಪಟ್ಟಿ ಇರೋ ಕ್ಯಾಲಿಪರ್. ಬೆಳಗ್ಗೆ ಜಗುಲಿ ಮೇಲೆ ಕೂತು ಅದನ್ನ ಒಂದೊಂದೇ ಬಕಲ್ ಹಾಕಿ ಬಿಗಿದುಕೊಳ್ಳೋರು, ಆಮೇಲೆ ಮಂಡಿ ಹತ್ತಿರ ಲಾಕ್ ಬೀಳೋ ‘ಟಕ್’ ಅನ್ನೋ ಶಬ್ದ. ಆ ಶಬ್ದ ಕೇಳಿದರೆ ಚಿಕ್ಕಪ್ಪ ಎದ್ದರು ಅಂತ ನಮಗೆಲ್ಲ ಗೊತ್ತಾಗುತ್ತಿತ್ತು. ನಮ್ಮ ದೇಶದಲ್ಲಿ ಈ ವಿದ್ಯೆ ಬೇರುಬಿಟ್ಟಿದ್ದೇ ಪೋಲಿಯೋ ಕಾಲದಲ್ಲಿ. 1950ರ ದಶಕದ ಶುರುವಿನಲ್ಲಿ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಮೊದಲ ಶಾಲೆ ಆಯಿತು. ನಮ್ಮಲ್ಲಿ ಸಹಜವಾಗಿ ಹರಡೋ ಪೋಲಿಯೋ ವೈರಸ್ಸಿನ ಕೊನೆಯ ಪ್ರಕರಣ ಬಂದಿದ್ದು 2011ರ ಜನವರಿಯಲ್ಲಿ, ಭಾರತ ಪೋಲಿಯೋ ಮುಕ್ತ ಅಂತ ಸರ್ಟಿಫಿಕೇಟ್ ಸಿಕ್ಕಿದ್ದು 2014ರಲ್ಲಿ. ಈಗಿನ ವಿದ್ಯಾರ್ಥಿಗಳಿಗೆ ಪೋಲಿಯೋ ಕಾಲನ್ನ ತೋರಿಸಬೇಕು ಅಂದರೆ ವಯಸ್ಸಾದವರನ್ನೇ ಹುಡುಕಬೇಕು. ಅಷ್ಟು ಬದಲಾಗಿದೆ. ಈಗ ನಮ್ಮ ಹೊರರೋಗಿ ವಿಭಾಗದ ಬೆಂಚಿನ ಮೇಲೆ ಕೂರೋರು ಮಂಡಿ ನೋವಿನವರು, ಲಕ್ವ ಹೊಡೆದವರು, ಸಕ್ಕರೆ ಕಾಯಿಲೆಯಿಂದ ಭುಜ ಹಿಡಿದುಕೊಂಡವರು, ಬೈಕಿನಿಂದ ಬಿದ್ದ ಹುಡುಗರು.

ಈಗ ಜೋಮಿನ ವಿಷಯಕ್ಕೆ ಬರುತ್ತೇನೆ.

ನಾನು ಓದಿದ ಪುಸ್ತಕದಲ್ಲೆಲ್ಲ ನೋವಿಗೆ ಇಂಗ್ಲಿಷ್ ಹೆಸರುಗಳು. ಪರೀಕ್ಷೆಯಲ್ಲಿ ಅವನ್ನೇ ಬರೆದು ಪಾಸಾದೆ. ಇಲ್ಲಿ ಬಂದು ಕೂತ ಮೊದಲ ವಾರವೇ ನನಗೆ ಗೊತ್ತಾಯಿತು, ಜನ ಪುಸ್ತಕದ ಮಾತಿನಲ್ಲಿ ನೋಯುವುದಿಲ್ಲ. ಒಬ್ಬರು "ಸೊಂಟ ಹಿಡ್ಕೊಂಡಿದೆ" ಅಂತಾರೆ. ಇನ್ನೊಬ್ಬರು "ಚಳುಕು" ಅಂತಾರೆ. ಮತ್ತೊಬ್ಬರು "ಸೊಂಟದಿಂದ ಹಿಮ್ಮಡಿವರೆಗೂ ಸೆಳೆತ" ಅಂತಾರೆ. ನಮ್ಮ ಅಮ್ಮನೂ ಇದೇ ಮಾತು ಆಡುತ್ತಿದ್ದರು, ಆದರೂ ಅದನ್ನ ರೋಗದ ಗುರುತು ಅಂತ ನಾನು ಯಾವತ್ತೂ ಕೇಳಿಸಿಕೊಂಡಿರಲಿಲ್ಲ. ‘ಹಿಡ್ಕೊಂಡಿದೆ’ ಅಂದರೆ ಬಹಳ ಸಲ ಸ್ನಾಯು ಬಿಗಿದಿರುತ್ತದೆ. ‘ಸೆಳೆತ’ ಕಾಲಿನ ಉದ್ದಕ್ಕೂ ಇಳಿದರೆ ನರದ ಕಡೆ ನೋಡಬೇಕು. ‘ಉಳುಕು’ ಅಂದರೆ ಅದಕ್ಕೊಂದು ದಿನ, ಒಂದು ಜಾಗ, ಒಂದು ಘಟನೆ ಇದೆ ಅಂತ ಅರ್ಥ, ಅದನ್ನ ಕೇಳಬೇಕು. ‘ಜೋಮು’ ಅಂದರೆ ಒಂದು, ‘ಮರಗಟ್ಟಿದೆ’ ಅಂದರೆ ಇನ್ನೊಂದು. ಜೋಮಿನಲ್ಲಿ ಜುಂ ಅನ್ನೋದು ಇನ್ನೂ ಇರುತ್ತದೆ. ಮರಗಟ್ಟಿದ ಕಡೆ ಮುಟ್ಟಿದ್ದೂ ಗೊತ್ತಾಗಲ್ಲ. ಇವೆರಡರ ವ್ಯತ್ಯಾಸ ತಿಳಿಯದ ವಿದ್ಯಾರ್ಥಿ ಅಂಥ ಕಾಲಿನ ಮೇಲೆ ಬಿಸಿ ಪ್ಯಾಕ್ ಇಟ್ಟರೆ ಚರ್ಮ ಸುಟ್ಟು ಬೊಬ್ಬೆ ಬರುತ್ತದೆ, ರೋಗಿ "ಅಯ್ಯೋ" ಕೂಡ ಅನ್ನಲ್ಲ, ಯಾಕಂದ್ರೆ ಅವರಿಗೆ ಗೊತ್ತೇ ಆಗಿರಲ್ಲ. ಒಂದು ಮಾತು ಸರಿಯಾಗಿ ಕೇಳಿಸಿಕೊಳ್ಳೋದರ ಮೇಲೆ ಇಷ್ಟೆಲ್ಲ ನಿಂತಿದೆ.

ಇನ್ನು ಕೋಲಾರ ಅಂದಮೇಲೆ ತೆಲುಗು ಇದ್ದೇ ಇರುತ್ತದೆ. ಜೋಮಿಗೆ ‘ತಿಮ್ಮಿರಿ’ ಅನ್ನೋರು ಎಷ್ಟು ಜನ. ‘ನೊಪ್ಪಿ’ ಅನ್ನೋರು, ‘ಪಟ್ಟೇಸಿಂದಿ’ ಅನ್ನೋರು. ಒಂದೇ ವಾಕ್ಯದಲ್ಲಿ ಎರಡೂ ಭಾಷೆ ಸೇರಿಸಿ ಮಾತಾಡೋದು ನಮಗೆ ಸಹಜ. ನನ್ನ ಕ್ಲಾಸಿನಲ್ಲಿ ಕೂರೋ ಮಕ್ಕಳಲ್ಲಿ ಕೇರಳದವರು, ಮಣಿಪುರದವರು, ನೇಪಾಳದವರು ಇರುತ್ತಾರೆ. ಕನ್ನಡದವರಲ್ಲೂ ಮಂಗಳೂರು, ಬೆಳಗಾವಿ ಕಡೆಯ ಮಕ್ಕಳಿಗೆ ಇಲ್ಲಿನ ಮಾತು ಹೊಸದು. ಅದಕ್ಕೇ ಒಂದು ದೊಡ್ಡ ರೂಲ್ಡ್ ನೋಟ್‌ಬುಕ್ ತಂದಿಟ್ಟೆ. ರೋಗಿಯ ಬಾಯಿಂದ ಹೊಸ ಮಾತು ಕೇಳಿದವರು ಅದರಲ್ಲಿ ಬರೆಯಬೇಕು. ಪಕ್ಕದಲ್ಲಿ, ಆ ಮಾತು ಕೇಳಿದರೆ ಏನು ಪರೀಕ್ಷೆ ಮಾಡಬೇಕು ಅಂತಲೂ ಬರೆಯಬೇಕು. ಈಗ ಅದು ನಾಲ್ಕನೇ ಪುಸ್ತಕ. ಮೊದಲನೆಯದರ ರಟ್ಟು ಹರಿದುಹೋಗಿದೆ, ಬೈಂಡಿಂಗ್ ಮಾಡಿಸಿ ಇಟ್ಟುಕೊಂಡಿದ್ದೇನೆ.

ಅದರಲ್ಲಿ ನನಗೆ ತುಂಬಾ ಇಷ್ಟವಾದ ಸಾಲು, "ಚಪ್ಪಲಿ ಕಳಚಿಬಿದ್ದಿದ್ದೇ ಗೊತ್ತಾಗಲಿಲ್ಲ." ಸಕ್ಕರೆ ಕಾಯಿಲೆ ಇರೋ ಒಬ್ಬರು ಸುಮ್ನೆ ಮಾತಿಗೆ ಹೇಳಿದ್ದು, ಬಸ್ ಸ್ಟ್ಯಾಂಡಿನಲ್ಲಿ ಚಪ್ಪಲಿ ಕಳೆದುಕೊಂಡೆ ಅಂತ. ಅವರು ಬಂದಿದ್ದು ಮಂಡಿ ನೋವಿಗೆ. ಆದರೆ ಪಾದದ ಸ್ಪರ್ಶ ಹೋಗಿದೆ ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಸುಳಿವು ಬೇಕಾ? ಅವತ್ತಿನಿಂದ ನಮ್ಮ ಮಕ್ಕಳು ಸಕ್ಕರೆ ಇರೋ ಪ್ರತಿಯೊಬ್ಬರಿಗೂ ಕೇಳುತ್ತಾರೆ, "ನಡೆಯುವಾಗ ಚಪ್ಪಲಿ ಜಾರಿದರೆ ಗೊತ್ತಾಗುತ್ತಾ?"

ಒಂದು ತಪ್ಪಿನ ಬಗ್ಗೆ ಹೇಳಲೇಬೇಕು. ಕೆಲಸಕ್ಕೆ ಸೇರಿದ ಮರುವರ್ಷ, ಮಂಡಿ ಸವೆದಿದ್ದ ಒಬ್ಬ ಹೆಂಗಸು ಬಂದಿದ್ದರು. ಟೊಮೆಟೊ ತೋಟದಲ್ಲಿ ಕೂಲಿ. ಐದಾರು ವಿದ್ಯಾರ್ಥಿಗಳು ಸುತ್ತ ನಿಂತಿದ್ದರು. ನಾನು ಪುಸ್ತಕದಲ್ಲಿ ಇದ್ದ ಹಾಗೇ ಹೇಳಿದೆ. ನೆಲದ ಮೇಲೆ ಕೂರಬೇಡಿ, ಕುಕ್ಕರಗಾಲಲ್ಲಿ ಕೂರಬೇಡಿ, ಚಕ್ಕಳಮಕ್ಕಳ ಹಾಕಬೇಡಿ, ಕಮೋಡ್ ಬಳಸಿ, ಮೆಟ್ಟಿಲು ಹತ್ತಬೇಡಿ. ಆಯಮ್ಮ ಎಲ್ಲದಕ್ಕೂ ತಲೆ ಆಡಿಸಿದರು. ಮತ್ತೆ ಬರಲಿಲ್ಲ. ಎರಡು ತಿಂಗಳಾದ ಮೇಲೆ ಅದೇ ಊರಿನಲ್ಲಿ ಕ್ಯಾಂಪ್ ಆಯಿತು, ಅವರ ಮನೆ ಮುಂದೆಯೇ ಹಾದುಹೋದೆ. ಒಂದು ಕೋಣೆ, ನೆಲದ ಮೇಲೆ ಒಲೆ, ಕುರ್ಚಿ ಅನ್ನೋದೇ ಇಲ್ಲ, ಕಕ್ಕಸು ಬಯಲು. ನಾನು ಬೇಡ ಅಂದಿದ್ದೆಲ್ಲ ಸೇರಿಯೇ ಅವರ ದಿನ ಆಗಿತ್ತು. ನನ್ನ ಮಾತಿನಲ್ಲಿ ಅವರಿಗೆ ಮಾಡೋಕೆ ಆಗುವಂಥದ್ದು ಒಂದೂ ಇರಲಿಲ್ಲ. ಅವರು ನನ್ನನ್ನ ಬೈಯಲಿಲ್ಲ. "ಬನ್ನಿ ಮೇಡಂ, ಕೂತ್ಕೊಳ್ಳಿ" ಅಂತ ಚಾಪೆ ಹಾಸಿದರು. ಆ ಚಾಪೆ ಮೇಲೆ ಕೂತಿದ್ದು ನನಗೆ ಇನ್ನೂ ನೆನಪಿದೆ.

ಅವತ್ತಿಂದ ಪಾಠ ಬದಲಾಯಿಸಿದೆ. ಕುರ್ಚಿಯಿಂದ ಏಳೋದಕ್ಕೆ ಮಂಡಿ 100 ಡಿಗ್ರಿ ಹತ್ತಿರ ಮಡಚಿದರೆ ಸಾಕಾಗುತ್ತದೆ. ಕುಕ್ಕರಗಾಲಿಗೆ 130 ದಾಟಬೇಕು. ಕೀಲು ಎಷ್ಟು ಮಡಚುತ್ತೆ ಅಂತ ಅಳೆಯೋ ಗೋನಿಯೋಮೀಟರ್ ಹಿಡಿದು ಈ ಸಂಖ್ಯೆ ಓದೋದನ್ನ ಯಾರು ಬೇಕಾದರೂ ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ಆ ಮೂವತ್ತು ಡಿಗ್ರಿ ಕಡಿಮೆಯಾದರೆ ಈ ಮನುಷ್ಯರ ದಿನದಲ್ಲಿ ಏನೇನು ನಿಂತುಹೋಗುತ್ತದೆ ಅಂತ ಪಟ್ಟಿ ಮಾಡಿ ಅಂತ ಮಕ್ಕಳಿಗೆ ಹೇಳುತ್ತೇನೆ. ಸಗಣಿ ಬಾಚೋದು, ಒಲೆ ಹಚ್ಚೋದು, ಕಳೆ ಕೀಳೋದು, ಮೊಮ್ಮಗುವಿಗೆ ಸ್ನಾನ ಮಾಡಿಸೋದು. ಆಮೇಲೆ ಪರಿಹಾರ ಯೋಚಿಸಬೇಕು. ಒಲೆ ಎತ್ತರ ಮಾಡೋಕೆ ನಾಲ್ಕು ಇಟ್ಟಿಗೆ ಸಿಗುತ್ತಾ? ಕಳೆ ಕೀಳುವಾಗ ಕೂರೋಕೆ ಒಂದು ಗಿಡ್ಡ ಮಣೆ ಆಗುತ್ತಾ? ಪಾಯಿಖಾನೆ ಇದ್ದರೆ ಅಲ್ಲೊಂದು ಹಿಡಿ ಹಾಕಿಸಬಹುದಾ? ತೊಡೆಯ ಮುಂಭಾಗದ ಸ್ನಾಯು ಗಟ್ಟಿ ಮಾಡೋ ವ್ಯಾಯಾಮವನ್ನ ಹಾಲು ಕಾಯಿಸೋಕೆ ಇಟ್ಟ ಹೊತ್ತಿನಲ್ಲೇ ಮಾಡಬಹುದಾ? ಇದನ್ನೆಲ್ಲ ಯೋಚಿಸದೆ ‘ಬೇಡ’ ಅಂತ ಬರೆದುಕೊಟ್ಟವರಿಗೆ ನಾನು ಕೇಸ್ ಶೀಟಿನಲ್ಲಿ ಸಹಿ ಹಾಕಲ್ಲ.

ಲಕ್ವದ ರೋಗಿಗಳ ವಿಷಯದಲ್ಲೂ ಒಂದು ಹಟ ಇದೆ ನನಗೆ. ಮೊದಲ ದಿನವೇ ಮನೆಯವರನ್ನ ಕೂರಿಸಿಕೊಂಡು ಪಾಠ ಮಾಡಬೇಕು. ಯಾಕೆ ಅಂದರೆ, ಬಿದ್ದುಹೋದ ಕೈಯಲ್ಲಿ ಸ್ನಾಯುಗಳು ಸಡಿಲವಾಗಿರುತ್ತವೆ, ಭುಜದ ಕೀಲನ್ನ ಹಿಡಿದಿಡೋ ಶಕ್ತಿ ಇರಲ್ಲ, ಕೈಯ ಭಾರಕ್ಕೇ ಕೀಲು ಸ್ವಲ್ಪ ಕೆಳಕ್ಕೆ ಜಗ್ಗಿರುತ್ತದೆ. ಮಗ ಪ್ರೀತಿಯಿಂದಲೇ ಅಪ್ಪನನ್ನ ಎಬ್ಬಿಸೋಕೆ ಅದೇ ಕೈ ಹಿಡಿದು ಎಳೆಯುತ್ತಾನೆ. ಹಾಸಿಗೆಯಿಂದ ಒಂದು ಸಲ, ಊಟಕ್ಕೆ ಒಂದು ಸಲ, ಪಾಯಿಖಾನೆಗೆ ನಾಲ್ಕು ಸಲ. ಒಂದು ತಿಂಗಳಲ್ಲಿ ಭುಜ ಮುಟ್ಟಿಸಿಕೊಳ್ಳದ ಹಾಗೆ ಆಗುತ್ತದೆ. ನೋವಿಗೆ ಹೆದರಿ ರೋಗಿ ವ್ಯಾಯಾಮ ಬಿಡುತ್ತಾರೆ, ಬಿಟ್ಟಮೇಲೆ ಕೈ ಇನ್ನೂ ಬಿಗಿಯುತ್ತದೆ. ಅದಕ್ಕೇ ನನ್ನ ವಿದ್ಯಾರ್ಥಿಗಳು ಮಗನಿಗೆ, ಸೊಸೆಗೆ, ಹೆಂಡತಿಗೆ ಕೈ ಇಡೋ ಜಾಗ ತೋರಿಸಬೇಕು. ಸೊಂಟ ಹಿಡಿಯಿರಿ, ಬೆನ್ನಿಗೆ ಅಂಗೈ ಕೊಡಿ, ಹಳೇ ಟವೆಲ್ ಸೊಂಟಕ್ಕೆ ಸುತ್ತಿ ಅದನ್ನ ಹಿಡಿದು ಎಬ್ಬಿಸಿ. ಹೇಳಿದರೆ ಸಾಲದು. ಮಗ ನಮ್ಮ ಕಣ್ಣೆದುರಿಗೆ ಮಾಡಿ ತೋರಿಸಬೇಕು.

ಒಬ್ಬರು ತಾತ ಇದ್ದರು. ಎಡಗಡೆ ಬಿದ್ದುಹೋಗಿತ್ತು. ನಿಮ್ಮ ಆಸೆ ಏನು ತಾತ ಅಂತ ನಮ್ಮ ಇಂಟರ್ನ್ ಹುಡುಗಿ ಕೇಳಿದ್ದಕ್ಕೆ, ಕಾರ್ತೀಕ ಸೋಮವಾರ ಕೋಲಾರದ ಬೆಟ್ಟದ ಅಂತರಗಂಗೆ ಮೆಟ್ಟಿಲು ಹತ್ತಬೇಕು, ಅಲ್ಲಿನ ಕಲ್ಲು ಬಸವನ ಬಾಯಿಂದ ಬರೋ ನೀರು ತಲೆ ಮೇಲೆ ಹಾಕ್ಕೋಬೇಕು ಅಂದರು. ಅವಳು ಕೇಸ್ ಶೀಟಿನಲ್ಲಿ ಗುರಿ ಅನ್ನೋ ಕಡೆ ಅದನ್ನೇ ಬರೆದಳು. ನಾನು ತಿದ್ದಲಿಲ್ಲ. ಐದು ತಿಂಗಳು ಮೆಟ್ಟಿಲ ಅಭ್ಯಾಸ. ಹತ್ತುವಾಗ ಒಳ್ಳೇ ಕಾಲು ಮೊದಲು, ಇಳಿಯುವಾಗ ಬಿದ್ದ ಕಾಲು ಮೊದಲು. ಇದನ್ನ ಅವಳು ತೆಲುಗಿನಲ್ಲಿ ಹಾಡಿನ ಥರ ಮಾಡಿ ಹೇಳಿಕೊಟ್ಟಿದ್ದಳು, ತಾತ ಪ್ರತಿ ಮೆಟ್ಟಿಲಿಗೂ ಗೊಣಗುತ್ತಾ ಹತ್ತೋರು. ಕಾರ್ತೀಕದಲ್ಲಿ ಪೂರ್ತಿ ಹತ್ತೋಕೆ ಆಗಲಿಲ್ಲ. ಅರ್ಧದವರೆಗೆ ಹೋಗಿ ಕೂತರು. ಮೊಮ್ಮಗ ಚೊಂಬಿನಲ್ಲಿ ನೀರು ತಂದ.

ಈ ಕಡೆಯ ನೀರಿನ ಬಗ್ಗೆಯೂ ಹೇಳದಿದ್ದರೆ ನನ್ನ ಪಾಠ ಪೂರ್ತಿ ಆಗಲ್ಲ. ಕೋಲಾರ, ಚಿಕ್ಕಬಳ್ಳಾಪುರ, ಆ ಕಡೆ ಪಾವಗಡ, ಎಲ್ಲ ಬೋರ್‌ವೆಲ್ ನಂಬಿದ ಸೀಮೆ. ಸಾವಿರ ಅಡಿ ದಾಟಿ ಕೊರೆಯೋದು ಇಲ್ಲಿ ಮಾಮೂಲು. ಎಷ್ಟೋ ಕಡೆ ಆ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯೋ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ದಾರಿ ಇಲ್ಲದಿದ್ದರೆ 1.5ರವರೆಗೆ. ಅದಕ್ಕಿಂತ ಜಾಸ್ತಿ ಇರೋ ನೀರನ್ನ ವರ್ಷಗಟ್ಟಲೆ ಕುಡಿದರೆ ಮೊದಲು ಹಲ್ಲಿನ ಮೇಲೆ ಕಲೆ, ಆಮೇಲೆ ಮೂಳೆಗೆ ಇಳಿಯುತ್ತದೆ, ಕೀಲುಗಳ ಸುತ್ತ ಇರೋ ಪಟ್ಟಿಗಳು ಗಟ್ಟಿಯಾಗುತ್ತವೆ, ಬೆನ್ನು ಬಗ್ಗೋದೇ ಇಲ್ಲ. ಶುರುವಿನಲ್ಲಿ ನೋಡೋಕೆ ಸಾಮಾನ್ಯ ಸಂಧಿವಾತದ ಹಾಗೇ ಇರುತ್ತದೆ. ಅದಕ್ಕೆ ಯಂತ್ರ ಏನೂ ಬೇಡದ ಮೂರು ಪರೀಕ್ಷೆ ಇವೆ. ಮಂಡಿ ಮಡಚದೆ ಬಗ್ಗಿ ಕಾಲ್ಬೆರಳು ಮುಟ್ಟಿ. ಗಲ್ಲ ಎದೆಗೆ ತಾಗಿಸಿ. ಕೈ ಅಗಲಿಸಿ, ಮಡಚಿ, ತಲೆಯ ಹಿಂಭಾಗ ಮುಟ್ಟಿ. ಬೆನ್ನು ನೋವು ಅಂತ ಬಂದವರಿಗೆ ಇದನ್ನ ಮಾಡಿಸಿ, "ಯಾವ ನೀರು ಕುಡೀತೀರಾ, ಎಷ್ಟು ವರ್ಷದಿಂದ?" ಅಂತ ಕೇಳಿ ಅಂತ ಹೇಳಿಕೊಡುತ್ತೇನೆ. ಗಟ್ಟಿಯಾದ ಮೂಳೆಯನ್ನ ವ್ಯಾಯಾಮ ವಾಪಸ್ ಸರಿಮಾಡಲ್ಲ. ನೀರು ಬದಲಾಯಿಸಿದರೆ ಮನೆಯ ಮಕ್ಕಳಾದರೂ ಉಳಿದುಕೊಳ್ಳುತ್ತಾರೆ. ಒಬ್ಬ ಫಿಸಿಯೋಥೆರಪಿಸ್ಟ್ ಬೆನ್ನು ನೋಡೋಕೆ ಕೂತು ನೀರಿನ ಪ್ರಶ್ನೆ ಕೇಳಬೇಕಾದ ಊರು ಇದು.

ಎಂಪಿಟಿ ಮಕ್ಕಳ ಪ್ರಬಂಧದ ವಿಷಯ ಬಂದಾಗ ನನಗೆ ಸ್ವಲ್ಪ ಜಗಳಗಂಟಿ ಅಂತ ಹೆಸರು. ಪ್ರತಿ ವರ್ಷ ಯಾರಾದರೂ ಒಬ್ಬರು ‘ಕಂಪ್ಯೂಟರ್ ಮುಂದೆ ಕೂರೋರ ಕುತ್ತಿಗೆ ನೋವು’ ಅಂತ ತರುತ್ತಾರೆ. ಆ ನೋವು ಸುಳ್ಳು ಅಂತ ನಾನು ಹೇಳಲ್ಲ. ಆದರೆ ಊರಿನಲ್ಲಿ ಇಷ್ಟು ದೊಡ್ಡ ಟೊಮೆಟೊ ಮಾರುಕಟ್ಟೆ ಇದೆ, ಏಷ್ಯಾದಲ್ಲೇ ದೊಡ್ಡದರಲ್ಲಿ ಒಂದು ಅಂತಾರೆ. ಸೀಸನ್ನಿನಲ್ಲಿ ಹಮಾಲರು 15 ಕೆಜಿಯ ಬಾಕ್ಸ್‌ಗಳನ್ನ ಬೆಳಗಿನಿಂದ ಎತ್ತಿ ಲಾರಿಗೆ ತುಂಬುತ್ತಾರೆ, ಒಂದರ ಮೇಲೊಂದು, ಸೊಂಟ ತಿರುಗಿಸಿ ಎಸೆದ ಹಾಗೆ. ಅವರ ಬೆನ್ನನ್ನ ಯಾರು ಅಳೆದಿದ್ದಾರೆ? ಅತ್ತ ಶಿಡ್ಲಘಟ್ಟಕ್ಕೆ ಹೋದರೆ ರೇಷ್ಮೆ ಬಿಚ್ಚೋ ಘಟಕದಲ್ಲಿ ಹೆಂಗಸರ ಬೆರಳು ದಿನವಿಡೀ ಬಿಸಿ ನೀರಿನಲ್ಲಿ, ಗೂಡಿನ ಎಳೆ ಹುಡುಕುತ್ತಾ. ಒಬ್ಬ ಹುಡುಗ ಮಾತು ಕೇಳಿ ಮಾರ್ಕೆಟ್ಟಿಗೆ ಹೋದ. ಬೆಳಗಿನ ಜಾವವೇ ಹೋಗಬೇಕಿತ್ತು, ಹಮಾಲರ ಕೆಲಸ ನಿಲ್ಲೋವರೆಗೂ ಕಾಯಬೇಕಿತ್ತು, ಎಷ್ಟೋ ದಿನ ಒಬ್ಬರನ್ನೂ ಅಳೆಯೋಕೆ ಆಗದೆ ವಾಪಸ್ ಬಂದ. ಅವನ ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು "ಇಷ್ಟು ಕಷ್ಟದ ವಿಷಯ ಯಾಕೆ ತಗೊಂಡ್ರಿ, ಸುಲಭದ್ದು ಇತ್ತಲ್ಲ" ಅಂತ ಕೇಳಿದರು. ಅವನು ಏನೂ ಹೇಳಲಿಲ್ಲ. ನನಗೆ ಆ ದಿನದ ಬೇಸರ ಹೋಗಿಲ್ಲ.

ಕೆಜಿಎಫ್ ಕಡೆಯಿಂದ ಬರೋರದು ಇನ್ನೊಂದು ಕಥೆ. ಗಣಿ ಮುಚ್ಚಿದ್ದು 2001ರಲ್ಲಿ. ಧೂಳು ಎದೆಯಲ್ಲೇ ಉಳಿಯಿತು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಅವರಿಗೆ ತುಟಿ ಕಿರಿದು ಮಾಡಿ ನಿಧಾನಕ್ಕೆ ಉಸಿರು ಬಿಡೋದನ್ನ ಕಲಿಸಬೇಕು. ಮೊದಮೊದಲು ನಾನು "ಒಲೆ ಊದಿದ ಹಾಗೆ ಊದಿ" ಅಂತಿದ್ದೆ. ಅವರು ಜೋರಾಗಿ ಊದಿ ಇನ್ನೂ ಸುಸ್ತಾಗೋರು. ಸಿಲಿಕೋಸಿಸ್, ಅಂದರೆ ಕಲ್ಲಿನ ಧೂಳಿನಿಂದ ಬರೋ ಶ್ವಾಸಕೋಶದ ಕಾಯಿಲೆ, ಇದ್ದ ಒಬ್ಬ ಹಿರಿಯರೇ ನನಗೆ ದಾರಿ ತೋರಿಸಿದ್ದು. "ಇದು ಒಲೆ ಅಲ್ಲಮ್ಮ, ಬಿಸಿ ಕಾಫಿ ಆರಿಸೋ ಹಾಗೆ ಇದೆ" ಅಂದರು. ಸರಿಯಾಗಿ ಅದೇ. ಕಾಫಿ ಚೆಲ್ಲಬಾರದು, ಆರಬೇಕು. ಈಗ ನಮ್ಮಲ್ಲಿ ಎಲ್ಲರೂ ಹಾಗೇ ಹೇಳಿಕೊಡುತ್ತಾರೆ.

2020ರ ಲಾಕ್‌ಡೌನ್ ಬಗ್ಗೆ ಜಾಸ್ತಿ ಬರೆಯೋಕೆ ಇಷ್ಟ ಇಲ್ಲ. ಮೊಬೈಲ್ ಪರದೆಯಲ್ಲಿ ಮೂಳೆಯ ಏಣು ಹುಡುಕೋದು ಹೇಗೆ ಕಲಿಸೋದು? ಮಕ್ಕಳಿಗೆ ಮನೆಯಲ್ಲಿ ಅಮ್ಮನ ಭುಜ, ತಮ್ಮನ ಮಂಡಿ ಮುಟ್ಟಿ ನೋಡಿ ಅಂತ ಹೇಳಿದೆ. ವಾಪಸ್ ಬಂದಾಗ ಆ ಬ್ಯಾಚಿನ ಮಕ್ಕಳ ಕೈ ರೋಗಿಯ ಮೈಮೇಲೆ ಅಳುಕುತ್ತಾ ಕೂರುತ್ತಿತ್ತು. ಬಟ್ಟೆ ಮೇಲೆ ಚಿಟ್ಟೆ ಕೂತ ಹಾಗೆ. ಅಂಥ ಕೈಗೆ ರೋಗಿಯ ಮೈ ಇನ್ನೂ ಬಿಗಿಯುತ್ತದೆ. ಸುಮಾರು ಭಾನುವಾರ ಬಂದು ಕೂತು ಅವರ ಕೈ ಮೇಲೆ ನನ್ನ ಕೈ ಇಟ್ಟು ಒತ್ತಡ ಎಷ್ಟು ಬೇಕು ಅಂತ ತೋರಿಸಿದೆ. ಅವರಲ್ಲಿ ಕೆಲವರು ಈಗ ಒಳ್ಳೇ ಥೆರಪಿಸ್ಟ್‌ಗಳಾಗಿದ್ದಾರೆ.

ಈಗ ನಮ್ಮ ವೃತ್ತಿಗೆ 2021ರ ಕಾಯ್ದೆ ಬಂದಿದೆ, ರಾಷ್ಟ್ರಮಟ್ಟದ ಆಯೋಗ ಇದೆ. ಒಳ್ಳೆಯದೇ, ಬಹಳ ವರ್ಷ ಕಾದಿದ್ದೆವು. ಪಠ್ಯ ದೇಶಕ್ಕೆಲ್ಲ ಒಂದೇ ಆದರೂ ನಮ್ಮ ಚಾಪೆ, ನಮ್ಮ ಬೋರ್‌ವೆಲ್, ನಮ್ಮ ತಿಮ್ಮಿರಿ ಅದರೊಳಗೆ ತಾನಾಗೇ ಬರಲ್ಲ. ಅದನ್ನ ಇಲ್ಲಿ ಪಾಠ ಮಾಡೋರೇ ತರಬೇಕು. ಆ ಹೊಸ ಲೆಕ್ಚರರ್ ಹುಡುಗಿಗೆ ನಾನು ಹೇಳಿದ್ದೂ ಇದನ್ನೇ, ಮತ್ತು ನೋಟ್‌ಬುಕ್ ಕೈಗೆ ಕೊಟ್ಟೆ.

ಅದರಲ್ಲಿ ಕೊನೆಯದಾಗಿ ಬರೆದಿದ್ದು ಮಣಿಪುರದ ಹುಡುಗ, ಮೂರನೇ ವರ್ಷದವನು. ಹೋದ ವಾರ ಶ್ರೀನಿವಾಸಪುರ ಕಡೆಯ ಅಜ್ಜಿ ಬಂದಿದ್ದರು, ಲಕ್ವ ಆಗಿ ಆರು ವಾರ. ಕಾಲಿನಲ್ಲಿ ಶಕ್ತಿ ವಾಪಸ್ ಬರುತ್ತಿತ್ತು, ಆದರೂ ನಿಲ್ಲಿಸಿದರೆ ಒಂದು ಕಡೆ ವಾಲೋರು. ಎಲ್ಲರೂ ಶಕ್ತಿಗೆ ಎಷ್ಟು ಅಂಕ ಕೊಡಬೇಕು, ಮೂರೋ ನಾಲ್ಕೋ ಅಂತ ಮಾತಾಡುತ್ತಿದ್ದರು. ಅಜ್ಜಿ ಮೆಲ್ಲಗೆ, "ಈ ಕಾಲು ನಂದಲ್ಲ ಅನ್ನಿಸುತ್ತೆ ಕಣಪ್ಪ" ಅಂದರು. ಅವನು ಒಬ್ಬನೇ ತಲೆ ಎತ್ತಿ ನೋಡಿದ. "ನಂದಲ್ಲ ಅಂದ್ರೆ ಏನಜ್ಜಿ?" ಅಂತ ಕೇಳಿದ. ಆಮೇಲೆ ಅಜ್ಜಿಗೆ ಕಣ್ಣು ಮುಚ್ಚೋಕೆ ಹೇಳಿ, ಆ ಕಾಲಿನ ಹೆಬ್ಬೆರಳನ್ನ ಎರಡೂ ಪಕ್ಕದಿಂದ ಹಿಡಿದು ನಿಧಾನಕ್ಕೆ ಮೇಲೆ ಎತ್ತಿದ. "ಮೇಲೋ ಕೆಳಗೋ ಅಜ್ಜಿ?" "ಗೊತ್ತಾಗ್ತಿಲ್ಲಪ್ಪ." ಮತ್ತೆ ಕೆಳಗೆ ಇಳಿಸಿದ. "ಈಗ?" "ನೀನು ಮುಟ್ಟಿದ್ಯಾ?"

ಪುಟದಲ್ಲಿ ದಪ್ಪ ದಪ್ಪ ಕನ್ನಡ ಅಕ್ಷರದಲ್ಲಿ ಬರೆದಿದ್ದಾನೆ, ‘ಕಾಲು ನಂದಲ್ಲ’. ಪಕ್ಕದಲ್ಲಿ, ‘ಮೊದಲು ಕಣ್ಣು ಮುಚ್ಚಿಸಿ ಹೆಬ್ಬೆರಳು ನೋಡಿ. ಶಕ್ತಿ ಆಮೇಲೆ.’